ಪಹಣಿ ಬರೆದ ಅಪ್ಪನ ಬದುಕನ್ನು ನಾವು ಬರೆಯುವುದು ಹೇಗೆ?

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಮೂರು, ಸರ್ಕಾರಿ ಕೆಲಸದಲ್ಲಿ ಬದುಕು ಸವೆಸಿ ತೀರಿಕೊಂಡ ಹಿರಿಯರನ್ನು ಕುರಿತವು. ಮೊದಲನೆಯ ಪತ್ರ ದೀರ್ಘವಾಗಿದ್ದರೂ ಅದನ್ನು ಹೆಚ್ಚು ಕತ್ತರಿಸದೆ ಕೊಟ್ಟಿದ್ದೇನೆ. ಉತ್ತರವೂ ಅದಕ್ಕೆ ತಕ್ಕಂತೆ ಉದ್ದವಾಗಿದೆ.

ಪ್ರಶ್ನೆ: ನಮ್ಮ ತಂದೆ 1946ರಲ್ಲಿ ಹುಟ್ಟಿದವರು. 1968ರಲ್ಲಿ ಗ್ರಾಮ ಲೆಕ್ಕಿಗರಾಗಿ ಕೆಲಸಕ್ಕೆ ಸೇರಿ, ಸಾಗರ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಬಹುಕಾಲ ದುಡಿದು, ಕಂದಾಯ ನಿರೀಕ್ಷಕರಾಗಿ, ಕೊನೆಗೆ ಉಪ ತಹಶೀಲ್ದಾರರಾಗಿ 2004ರಲ್ಲಿ ನಿವೃತ್ತರಾದರು. ಕಳೆದ ವರ್ಷ ತೀರಿಕೊಂಡರು. ವರ್ಷಾಂತಿಕಕ್ಕೆ ಇನ್ನು ಎರಡು ತಿಂಗಳಿದೆ. ಅಂದು ನೆಂಟರಿಷ್ಟರಿಗೆ ಕೊಡಲು ನಲವತ್ತು ಪುಟಗಳ ಒಂದು ನೆನಪಿನ ಪುಸ್ತಿಕೆ ತರಬೇಕೆಂದು ನಾವು ಮಕ್ಕಳು ನಿರ್ಧರಿಸಿದ್ದೇವೆ. ಅಣ್ಣ ಹದಿನೈದು ಮಂದಿಯಿಂದ ಬರೆಸಿದ್ದಾರೆ. ಎಲ್ಲರೂ ಪ್ರೀತಿಯಿಂದಲೇ ಬರೆದಿದ್ದಾರೆ, ಆದರೆ ‘ಸರಳ ಸಜ್ಜನಿಕೆಯ’, ‘ಪ್ರಾಮಾಣಿಕ’, ‘ಅಜಾತಶತ್ರು’ ಎಂಬ ಮಾತುಗಳೇ ಹದಿನೈದರಲ್ಲೂ ಇವೆ. ಓದಿದಾಗ ಅದು ಯಾರ ಅಪ್ಪನಾದರೂ ಆಗಬಹುದು ಅನ್ನಿಸಿತು. ಅಮೆರಿಕದಲ್ಲಿರುವ ನನ್ನ ಮಗ, ‘ಅಜ್ಜ ಆಫೀಸಿನಲ್ಲಿ ನಿಜವಾಗಿ ಏನು ಮಾಡುತ್ತಿದ್ದರು?’ ಎಂದು ಕೇಳಿದಾಗ ನನಗೆ ನಾಲ್ಕು ವಾಕ್ಯಕ್ಕಿಂತ ಹೆಚ್ಚು ಹೇಳಲಾಗಲಿಲ್ಲ. ಇನ್ನೊಂದು ಸಂಕಟವಿದೆ. ಭೂಸುಧಾರಣೆಯ ಕಾಲದಲ್ಲಿ ಅಪ್ಪ ತಮ್ಮ ಸ್ವಂತ ಸೋದರಮಾವನ ಗದ್ದೆಯ ವಿಷಯದಲ್ಲಿ ಗೇಣಿದಾರರ ಪರವಾದ ವರದಿ ಕೊಟ್ಟರೆಂದು ಆ ಮನೆಯವರು ಮೂವತ್ತು ವರ್ಷ ನಮ್ಮ ಮನೆಗೆ ಬರಲಿಲ್ಲ. ಇದನ್ನು ಬರೆಯಬೇಕೇ, ಬಿಡಬೇಕೇ? ಅಣ್ಣ ಬೇಡವೆನ್ನುತ್ತಾರೆ. ಅಮ್ಮ ಏನೂ ಹೇಳುತ್ತಿಲ್ಲ.
(ಓದುಗರೊಬ್ಬರು, ಸಾಗರ)

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ನಿಮ್ಮ ಮಗನ ಪ್ರಶ್ನೆ. ಮನೆಯ ಹಿರಿಯರೊಬ್ಬರು ಮೂವತ್ತಾರು ವರ್ಷ ಪ್ರತಿದಿನ ಬೆಳಿಗ್ಗೆ ಎದ್ದು ಹೋಗಿ ಮಾಡಿದ ಕೆಲಸವೇನೆಂದು ಮನೆಯವರಿಗೇ ಸರಿಯಾಗಿ ಗೊತ್ತಿಲ್ಲದಿರುವುದು ನಿಮ್ಮೊಬ್ಬರ ಮನೆಯ ಕಥೆಯಲ್ಲ. ಕಚೇರಿಯ ವಿಷಯವನ್ನು ಮನೆಗೆ ತರಬಾರದೆಂದು ಆ ತಲೆಮಾರಿನವರು ಶಿಸ್ತಾಗಿ ಪಾಲಿಸಿದ್ದರಿಂದ, ಅವರ ಬದುಕಿನ ದೊಡ್ಡ ಪಾಲು ಅವರೊಂದಿಗೇ ಹೋಗಿಬಿಡುತ್ತದೆ. ನಿಮ್ಮ ಪುಸ್ತಿಕೆ ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು, ‘ಪ್ರಾಮಾಣಿಕ’ ಎಂಬ ಮಾತನ್ನು ಯಾರೂ ಪ್ರತ್ಯೇಕವಾಗಿ ಬರೆಯಬೇಕಾಗುವುದಿಲ್ಲ.

ಆದ್ದರಿಂದ ಮೊದಲು ಆ ಕೆಲಸವನ್ನೇ ವಿವರಿಸಿ. ನಿಮ್ಮ ತಂದೆಯವರು ಸೇರಿದ ಕಾಲ ಬಹಳ ಮುಖ್ಯವಾದುದು. ವಂಶಪಾರಂಪರ್ಯವಾಗಿ ಬಂದಿದ್ದ ಪಟೇಲಿಕೆ, ಶಾನುಭೋಗಿಕೆಗಳನ್ನು 1961ರ ಕಾಯ್ದೆ ರದ್ದುಮಾಡಿ, ಅದು 1963ರ ಫೆಬ್ರವರಿಯಿಂದ ಜಾರಿಗೆ ಬಂತು. ಅಲ್ಲಿಯವರೆಗೆ ಊರಿನ ಲೆಕ್ಕ ಒಂದು ಮನೆತನದ ಸ್ವತ್ತಾಗಿತ್ತು, ಆಮೇಲೆ ಅದು ಸಂಬಳ ಪಡೆಯುವ, ವರ್ಗವಾಗಿ ಬರುವ, ವರ್ಗವಾಗಿ ಹೋಗುವ ನೌಕರನ ಕೈಗೆ ಬಂತು. 1968ರಲ್ಲಿ ಇಪ್ಪತ್ತೆರಡು ವರ್ಷದ ತರುಣನೊಬ್ಬ ಗ್ರಾಮ ಲೆಕ್ಕಿಗನಾಗಿ ಊರಿಗೆ ಬಂದಾಗ ಜನ ಅವನನ್ನೂ ‘ಶಾನುಭೋಗರು’ ಎಂದೇ ಕರೆದಿರುತ್ತಾರೆ. ಹಳೆಯ ಶಾನುಭೋಗರ ಮನೆ ಅದೇ ಬೀದಿಯಲ್ಲಿತ್ತು, ಕೆಲವು ಕಡೆ ಹಳೆಯ ದಫ್ತರದ ಗಂಟುಗಳೂ ಅವರ ಅಟ್ಟದಲ್ಲೇ ಇದ್ದವು. ಆ ಗಂಟುಗಳನ್ನು ನಿಮ್ಮ ತಂದೆಯವರು ಹೇಗೆ ಪಡೆದರು, ಅವರನ್ನು ಊರು ಹೇಗೆ ಬರಮಾಡಿಕೊಂಡಿತು ಎಂಬುದನ್ನು ನೆನಪಿಟ್ಟವರು ಯಾರಾದರೂ ಇದ್ದರೆ ಈ ವಾರವೇ ಹೋಗಿ ಕೇಳಿ.

ಇನ್ನು ಆ ಕೆಲಸದ ವ್ಯಾಪ್ತಿ. ಕಂದಾಯ ವಸೂಲಿ ಅದರ ಒಂದು ತುದಿ ಮಾತ್ರ. ಗದ್ದೆ ಗದ್ದೆಗೆ ನಡೆದು ಬೆಳೆ ನೋಡಿ ಪಹಣಿಯಲ್ಲಿ (ಜಮೀನು ಯಾರದು, ಉಳುವವರು ಯಾರು, ಬೆಳೆ ಏನು ಎಂದು ಹೇಳುವ ದಾಖಲೆ ಅದು) ದಾಖಲಿಸುವುದು, ಖಾತೆ ಬದಲಾವಣೆಗೆ ನೋಟಿಸು ಜಾರಿಮಾಡಿ ಮೂವತ್ತು ದಿನ ತಕರಾರಿಗೆ ಕಾಯುವುದು, ನೆರೆ ಬಂದು ಮನೆ ಬಿದ್ದರೆ ಪಂಚರ ಸಮಕ್ಷಮ ಮಹಜರು ಬರೆಯುವುದು, ವಿಧವಾ ವೇತನಕ್ಕೂ ವೃದ್ಧಾಪ್ಯ ವೇತನಕ್ಕೂ ವಿಚಾರಣೆ ಮಾಡಿ ವರದಿ ಕೊಡುವುದು, ಚುನಾವಣೆ ಬಂದರೆ ಮತಪಟ್ಟಿ ಹಿಡಿದು ಮನೆಮನೆ ತಿರುಗುವುದು, ಇವೆಲ್ಲ ಒಬ್ಬನೇ ಮನುಷ್ಯನ ಹೆಗಲ ಮೇಲಿದ್ದವು. ನಮ್ಮ ಹಳ್ಳಿಗಳಲ್ಲಿ ಜನನ ಮರಣಗಳ ನೋಂದಣಿಯೂ ಆಗ ಗ್ರಾಮ ಲೆಕ್ಕಿಗರದೇ ಹೊಣೆಯಾಗಿತ್ತು. ಅಂದರೆ ನಿಮ್ಮ ತಂದೆಯವರ ವೃತ್ತದಲ್ಲಿ ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಹೆಸರನ್ನು ಸರ್ಕಾರಿ ಪುಸ್ತಕದಲ್ಲಿ ಬರೆದವರು ಅವರೇ, ಆ ಮಕ್ಕಳ ಅಜ್ಜ ಅಜ್ಜಿಯರು ಹೋದ ದಿನಾಂಕ ಬರೆದವರೂ ಅವರೇ. ಇಂದು ಐವತ್ತರ ಆಸುಪಾಸಿನಲ್ಲಿರುವ ಎಷ್ಟೋ ಜನರ ಜನನ ಪ್ರಮಾಣ ಪತ್ರದ ಮೂಲ ನಮೂದು ನಿಮ್ಮ ತಂದೆಯವರ ಕೈಬರಹದಲ್ಲಿದೆ. ನಿಮ್ಮ ಮಗನಿಗೆ ಇದನ್ನು ಹೇಳಿ. ಅಜ್ಜನ ಕೆಲಸ ಏನೆಂಬುದು ಅವನಿಗೆ ತಟ್ಟನೆ ಅರ್ಥವಾಗುತ್ತದೆ.

ದಾಖಲೆಗಳ ಮಾತಿಗೆ ಬರೋಣ. ನೆನಪುಗಳು ವರ್ಷಗಳನ್ನು ಹಿಂದೆಮುಂದೆ ಮಾಡುತ್ತವೆ. ನಿವೃತ್ತ ಸರ್ಕಾರಿ ನೌಕರರ ವಿಷಯದಲ್ಲಿ ಒಂದು ಅನುಕೂಲವೆಂದರೆ ಅವರ ಬದುಕಿನ ಅಸ್ಥಿಪಂಜರ ಒಂದೇ ಕಡೆ ಸಿಗುತ್ತದೆ. ಅದು ಅವರ ಸೇವಾ ವಹಿ. ಸೇರಿದ ದಿನ, ಪ್ರತಿ ವರ್ಗಾವಣೆ, ಪ್ರತಿ ವೇತನ ಬಡ್ತಿ, ಪಡೆದ ರಜೆ ಎಲ್ಲವೂ ಅಲ್ಲಿ ಮೇಲಧಿಕಾರಿಯ ಸಹಿಯೊಂದಿಗೆ ಇರುತ್ತದೆ. ಅವರು ಕೊನೆಯದಾಗಿ ಕೆಲಸ ಮಾಡಿದ ಕಚೇರಿಗೆ ನಿಮ್ಮ ತಾಯಿಯವರ ಹೆಸರಿನಲ್ಲಿ ಒಂದು ಅರ್ಜಿ ಕೊಟ್ಟು ನಕಲು ಕೇಳಿ. ಸಿಗದಿದ್ದರೆ ಮನೆಯಲ್ಲಿರುವ ಪಿಂಚಣಿ ಪಾವತಿ ಆದೇಶವಾದರೂ ನೋಡಿ. ಆಮೇಲೆ ಆ ದಿನಾಂಕಗಳ ಪಕ್ಕದಲ್ಲಿ ಮನೆಯ ದಿನಾಂಕಗಳನ್ನು ಬರೆದುಕೊಳ್ಳಿ. ಅಣ್ಣ ಹುಟ್ಟಿದ್ದು ಯಾವ ಊರಿನಲ್ಲಿದ್ದಾಗ, ನಿಮ್ಮ ಶಾಲೆ ಎಷ್ಟು ಸಲ ಬದಲಾಯಿತು, ಗಳಿಕೆ ರಜೆ ಒಟ್ಟಿಗೆ ಒಂದೂವರೆ ತಿಂಗಳು ಹಾಕಿದ ವರ್ಷ ಮನೆಯಲ್ಲಿ ಏನಾಗಿತ್ತು, ಇವೆಲ್ಲ ಪಕ್ಕಪಕ್ಕದಲ್ಲಿ ಬಂದಾಗ ನಿಮಗೇ ಗೊತ್ತಿಲ್ಲದ ಅಪ್ಪನೊಬ್ಬರು ಕಾಣಿಸತೊಡಗುತ್ತಾರೆ. ರಜೆಯ ಕಾಲಮ್ಮುಗಳನ್ನು ವಿಶೇಷವಾಗಿ ಗಮನಿಸಿ ಎಂದು ಒತ್ತಿ ಹೇಳುತ್ತೇನೆ. ಮಾತು ಕಡಿಮೆಯಿದ್ದ ಗಂಡಸರು ಮನೆಗಾಗಿ ಪಟ್ಟ ಆತಂಕ ಎಷ್ಟೋ ಸಲ ಅಲ್ಲಿ ಮಾತ್ರ ಉಳಿದಿರುತ್ತದೆ.

ಊರುಗಳನ್ನೂ ಮರೆಯಬೇಡಿ. ಸಾಗರ ತಾಲ್ಲೂಕಿನಲ್ಲಿ ಕಂದಾಯ ಇಲಾಖೆಯ ಕೆಲಸವೆಂದರೆ ಬಯಲುಸೀಮೆಯ ಕೆಲಸದಂತಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಊರುಗಳನ್ನು ನುಂಗಿದ ಮೇಲೆ, ಜಮೀನು ಕಳೆದುಕೊಂಡವರು ಕಾಗದ ಹಿಡಿದು ಅಲೆಯುವುದು ದಶಕಗಳ ಕಾಲ ನಡೆಯಿತು, ಅದು ಇಂದಿಗೂ ಪೂರ್ತಿ ಮುಗಿದಿಲ್ಲ. ಆ ಕಾಗದಗಳು ಮೊದಲು ಬರುತ್ತಿದ್ದುದು ನಿಮ್ಮ ತಂದೆಯಂಥವರ ಮೇಜಿಗೇ. ಕರೂರು ಹೋಬಳಿಯ ಕಡೆ ಅವರು ಕೆಲಸ ಮಾಡಿದ್ದರೆ ಲಾಂಚ್‌ಗೆ ಕಾದು ಹಿನ್ನೀರು ದಾಟಿದ ದಿನಗಳೂ, ಕಡೆಯ ಲಾಂಚ್ ತಪ್ಪಿ ಯಾರದೋ ಮನೆಯ ಜಗಲಿಯಲ್ಲಿ ಮಲಗಿದ ರಾತ್ರಿಗಳೂ ಇದ್ದೇ ಇರುತ್ತವೆ. 2025ರಲ್ಲಿ ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಸಂಚಾರಕ್ಕೆ ತೆರೆದಿದೆ. ಇನ್ನು ಹತ್ತು ವರ್ಷದಲ್ಲಿ ಲಾಂಚ್‌ಗೆ ಕಾಯುವುದೆಂದರೇನು ಎಂಬುದೇ ಮಕ್ಕಳಿಗೆ ತಿಳಿಯದು. ಅವರು ಯಾವ ಮನೆಯಲ್ಲಿ ಉಂಡರು, ಮಳೆಗಾಲದಲ್ಲಿ ಪಹಣಿ ಪುಸ್ತಕವನ್ನು ಹೇಗೆ ಒದ್ದೆಯಾಗದಂತೆ ಒಯ್ಯುತ್ತಿದ್ದರು ಎಂಬಂಥ ಸಣ್ಣ ವಿವರಗಳನ್ನು ಹದಿನೈದು ಲೇಖಕರಿಂದ ಕೇಳಿ ಪಡೆಯಿರಿ. ಅವರ ಲೇಖನಗಳನ್ನು ತಿರಸ್ಕರಿಸಬೇಕಾಗಿಲ್ಲ. ‘ನೀವು ಅವರನ್ನು ಸರಳರು ಎಂದು ಬರೆದಿದ್ದೀರಿ, ಅದು ನಿಮಗೆ ಯಾವ ದಿನ ತಿಳಿಯಿತು?’ ಎಂದು ಒಬ್ಬೊಬ್ಬರಿಗೂ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ. ಉತ್ತರವಾಗಿ ಬರುವ ಪ್ರಸಂಗವನ್ನು ಬರೆದುಕೊಂಡು, ಆ ವಿಶೇಷಣವನ್ನು ಅವರ ಒಪ್ಪಿಗೆ ಪಡೆದೇ ತೆಗೆದುಹಾಕಿ.

ನನ್ನ ಅನುಭವವನ್ನೂ ಹೇಳಬೇಕು. ನನ್ನ ತಂದೆ ಸರ್ಕಾರಿ ಪ್ರೌಢಶಾಲೆಯ ಅಧ್ಯಾಪಕರಾಗಿದ್ದರು. ಅವರು ತೀರಿಕೊಂಡ ಮೇಲೆ ನಾವು ತಂದ ಸ್ಮರಣ ಸಂಚಿಕೆಯಲ್ಲಿ ಊರಿನ ಗಣ್ಯರೆಲ್ಲ ಬರೆದರು. ಇಂದಿಗೂ ನಾನು ತೆಗೆದು ಓದುವುದು ಒಂದೇ ಪುಟವನ್ನು. ಅದು ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಜವಾನರು ಹೇಳಿ ಬರೆಸಿದ್ದು. ಮಳೆಗಾಲದಲ್ಲಿ ಅಪ್ಪ ಅರ್ಧ ಗಂಟೆ ಮೊದಲೇ ಬಂದು, ಹೆಂಚು ಸೋರುವ ಜಾಗದಿಂದ ಬೆಂಚುಗಳನ್ನು ಅವರೊಂದಿಗೆ ಎಳೆದು ಹಾಕಿ, ನೆಲ ಒರೆಸಿ, ಮಕ್ಕಳು ಬರುವ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಹಾಜರಿ ಪುಸ್ತಕ ತೆರೆದು ಕುಳಿತಿರುತ್ತಿದ್ದರಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಅಪ್ಪ ಅಷ್ಟು ಬೇಗ ಮನೆ ಬಿಡುತ್ತಿದ್ದುದು ನಮ್ಮ ಗಲಾಟೆ ತಾಳದೆ ಎಂದೇ ನಾವು ಮಕ್ಕಳು ಭಾವಿಸಿದ್ದೆವು. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ತಂದೆಯವರ ಜೊತೆ ಊರೂರು ತಿರುಗಿದ ಗ್ರಾಮ ಸಹಾಯಕರು ಇಲ್ಲದಿದ್ದರೆ ಮೊದಲು ಅವರನ್ನು, ಅವರಿಲ್ಲದಿದ್ದರೆ ಅವರ ಮಕ್ಕಳನ್ನು ಹುಡುಕಿ.

ಒಂದು ಎಚ್ಚರಿಕೆ. ಕಚೇರಿಯ ದೀಪ ಆರಿಸಿ ಸ್ವಂತ ದೀಪ ಹಚ್ಚಿ ಸ್ವಂತ ಪತ್ರ ಬರೆದ ಪ್ರಸಂಗ ನಮ್ಮಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅದನ್ನು ಬೇರೆ ಬೇರೆ ರೂಪದಲ್ಲಿ ತಮ್ಮ ತಂದೆಗೂ ತಾತನಿಗೂ ಅಂಟಿಸಿ ಬರೆದ ಎಷ್ಟೋ ಸ್ಮರಣಲೇಖನಗಳನ್ನು ನಾನು ಓದಿದ್ದೇನೆ. ನಿಮ್ಮ ತಂದೆಯವರು ನಿಜವಾಗಿ ಹಾಗೆ ಮಾಡಿದ್ದನ್ನು ಕಂಡವರಿದ್ದರೆ ಬರೆಯಿರಿ, ಇಲ್ಲದಿದ್ದರೆ ಬೇಡ. ಎರವಲು ತಂದ ಒಂದು ಕಥೆ ಸೇರಿದರೆ, ಪಕ್ಕದಲ್ಲಿರುವ ನಿಜವಾದ ಕಥೆಗಳನ್ನೂ ಓದುವವರು ನಂಬದಂತಾಗುತ್ತದೆ.

ಈಗ ನಿಮ್ಮ ಕಷ್ಟದ ಪ್ರಶ್ನೆ. ಅದನ್ನು ಬಿಡಬಾರದು ಎಂಬುದೇ ನನ್ನ ಅಭಿಪ್ರಾಯ. ಆದರೆ ಅದನ್ನು ಬರೆಯುವ ಮೊದಲು ಮಾಡಬೇಕಾದ ಕೆಲಸಗಳಿವೆ.

ಮೊದಲನೆಯದು, ಆ ಕಾಲದ ಕಾನೂನನ್ನು ಮೊಮ್ಮಕ್ಕಳಿಗೆ ತಿಳಿಯುವಂತೆ ಒಂದು ಪುಟದಲ್ಲಿ ಹೇಳುವುದು. ನೀವಿರುವ ಸಾಗರ ತಾಲ್ಲೂಕಿನ ಕಾಗೋಡಿನಲ್ಲೇ 1951ರಲ್ಲಿ ಗೇಣಿ ರೈತರು ಭತ್ತ ಅಳೆಯುವ ಕೊಳಗದ ಅಳತೆಯಿಂದ ಆರಂಭಿಸಿ ಸತ್ಯಾಗ್ರಹ ಹೂಡಿದರು, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಅಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ದೇವರಾಜ ಅರಸು ಅವರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಗೆ ಕೊಟ್ಟ ಜಮೀನುಗಳೆಲ್ಲ ಅಂದೇ ಸರ್ಕಾರದಲ್ಲಿ ವಿಹಿತವಾದವು, ಅಂದರೆ ಸರ್ಕಾರದ ಒಡೆತನಕ್ಕೆ ಬಂದವು. ಆ ನೆಲ ತಮ್ಮದಾಗಲು ಉಳುತ್ತಿದ್ದವರು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ಮಲೆನಾಡಿನಲ್ಲಿ ಇದನ್ನು ಇಂದಿಗೂ ‘ಡಿಕ್ಲರೇಷನ್ ಹಾಕಿದ್ದು’ ಎನ್ನುತ್ತಾರೆ. ಅರ್ಜಿಯ ಗಡುವು ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಅರ್ಜಿಗಳನ್ನು ತೀರ್ಮಾನಿಸುತ್ತಿದ್ದ ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರು. ಆರಂಭದ ವರ್ಷಗಳಲ್ಲಿ ಅಲ್ಲಿ ವಕೀಲರು ಹಾಜರಾಗುವಂತಿರಲಿಲ್ಲ. ಹೀಗಾಗಿ ಒಡೆಯನ ಮಾತು, ಗೇಣಿದಾರನ ಮಾತು, ಇವೆರಡರ ನಡುವೆ ಪಹಣಿಯ ಹನ್ನೆರಡನೆಯ ಕಾಲಮ್ಮಿನಲ್ಲಿ ಸಾಗುವಳಿದಾರನ ಹೆಸರು ಯಾರದಿದೆ ಎಂಬುದಕ್ಕೆ ಬಹಳ ತೂಕ ಬಂತು. ಆ ಕಾಲಮ್ಮು ತುಂಬುತ್ತಿದ್ದವರು ಗ್ರಾಮ ಲೆಕ್ಕಿಗರು. ಆಗ ಇಪ್ಪತ್ತೆಂಟರ ಸುಮಾರಿನ ನಿಮ್ಮ ತಂದೆಯವರ ಮೇಲೆ ಎರಡೂ ಕಡೆಯಿಂದ ಬಿದ್ದಿರಬಹುದಾದ ಒತ್ತಡವನ್ನು ಇಷ್ಟು ಹೇಳಿದರೆ ಯಾರಾದರೂ ಊಹಿಸಬಲ್ಲರು. ಸೋದರಮಾವನ ಗದ್ದೆ ಹೋದದ್ದು ಕಾಯ್ದೆಯಿಂದ, ತೀರ್ಪು ಕೊಟ್ಟದ್ದು ಮಂಡಳಿ. ನಿಮ್ಮ ತಂದೆಯವರು ಮಾಡಿದ್ದು ಗದ್ದೆಯಲ್ಲಿ ಉಳುತ್ತಿದ್ದವರು ಯಾರೆಂದು ಬರೆದದ್ದು. ಈ ವ್ಯತ್ಯಾಸ ಸ್ಪಷ್ಟವಾಗದಿದ್ದರೆ, ಅಜ್ಜ ನೆಂಟರ ಜಮೀನು ತೆಗೆಸಿದರು ಎಂಬ ಅರೆಸತ್ಯ ಮೊಮ್ಮಕ್ಕಳ ತಲೆಯಲ್ಲಿ ಉಳಿಯುತ್ತದೆ.

ಎರಡನೆಯದು, ಆ ಪ್ರಕರಣದ ಕಡತ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಇರಬಹುದು. ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಮನೆಯಲ್ಲಿ ಐವತ್ತು ವರ್ಷ ಮಾತಾಗಿ ಹರಿದುಬಂದದ್ದಕ್ಕೂ ಕಡತದಲ್ಲಿ ಇರುವುದಕ್ಕೂ ಅಂತರವಿರುವ ಸಾಧ್ಯತೆಯಿದೆ. ನಿಮ್ಮ ತಂದೆಯವರು ಪ್ರತ್ಯೇಕ ವರದಿ ಕೊಟ್ಟಿದ್ದರೇ, ಅಥವಾ ಹಿಂದಿನ ವರ್ಷಗಳ ಪಹಣಿಯಲ್ಲೇ ಆ ಹೆಸರಿತ್ತೇ, ಅದು ಗೊತ್ತಾಗದೆ ಒಂದಕ್ಷರವನ್ನೂ ಅಚ್ಚಿಗೆ ಕೊಡಬೇಡಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನೀವೂ ಅಣ್ಣನೂ ಒಟ್ಟಿಗೆ ಆ ಸೋದರಮಾವನ ಮಕ್ಕಳ ಮನೆಗೆ ಹೋಗಿ. ವರ್ಷಾಂತಿಕಕ್ಕೆ ಕರೆಯುವ ನೆಪವೂ ಇದೆ. ಬರೆದಿರುವುದನ್ನು ಅವರ ಮುಂದೆ ಓದಿ. ಗೇಣಿ ಭತ್ತದಿಂದಲೇ ವರ್ಷದ ಅನ್ನ ಕಾಣುತ್ತಿದ್ದ ಸಣ್ಣ ಒಡೆಯರೂ, ಗಂಡನಿಲ್ಲದ ಹೆಂಗಸರೂ ಆ ಕಾಯ್ದೆಯಿಂದ ನಿಜವಾಗಿ ಕಷ್ಟಪಟ್ಟರು. ತಲೆಮಾರುಗಳಿಂದ ಉತ್ತು ಬಿತ್ತಿದವರಿಗೆ ನೆಲ ಸಿಕ್ಕಿದ್ದು ನ್ಯಾಯವೆಂದು ನಾನು ಮನಸಾರೆ ನಂಬುತ್ತೇನೆ, ಹಾಗೆ ನಂಬುತ್ತಲೇ ಈ ಮಾತನ್ನೂ ಹೇಳುತ್ತೇನೆ. ಆ ಮನೆಯವರು ಹೇಳುವುದನ್ನು ಅವರ ಮಾತಿನಲ್ಲೇ ಅರ್ಧ ಪುಟ ಹಾಕಲು ಸಿದ್ಧರಾಗಿ ಹೋಗಿ. ಅವರು ಒಪ್ಪಿದರೆ ಹೆಸರು, ಊರು, ಸರ್ವೆ ನಂಬರು ಯಾವುದೂ ಇಲ್ಲದೆ ಪ್ರಸಂಗವನ್ನು ಬರೆಯಿರಿ. ಒಪ್ಪದಿದ್ದರೆ, ‘ಒಂದು ವರದಿಯ ಕಾರಣ ಅಪ್ಪನಿಗೆ ಬಹಳ ಹತ್ತಿರದವರು ಮೂವತ್ತು ವರ್ಷ ನಮ್ಮ ಮನೆಯ ಬಾಗಿಲನ್ನು ತುಳಿಯಲಿಲ್ಲ, ಅದನ್ನು ಅಪ್ಪ ನಮ್ಮೆದುರು ಎಂದೂ ಮಾತನಾಡಲಿಲ್ಲ’ ಎಂಬಷ್ಟನ್ನು ಬರೆಯಿರಿ. ‘ಅಜಾತಶತ್ರು’ ಎಂಬ ಪದವನ್ನು ಮಾತ್ರ ಆಗ ಉಳಿದ ಲೇಖನಗಳಿಂದ ತೆಗೆಯಲೇಬೇಕು. ಅವರು ಬೆಲೆ ತೆತ್ತಿದ್ದಾರೆ. ಯಾರೊಡನೆಯೂ ಮನಸ್ತಾಪವೇ ಇರಲಿಲ್ಲ ಎಂದು ಬರೆದರೆ ಆ ಬೆಲೆಯನ್ನು ನಾವು ಇಲ್ಲವಾಗಿಸಿದಂತೆ.

ತಾಯಿಯವರು ಏನೂ ಹೇಳುತ್ತಿಲ್ಲ ಎಂದಿದ್ದೀರಿ. ಬಹುಶಃ ಅವರನ್ನು ಇನ್ನೂ ಯಾರೂ ಸರಿಯಾಗಿ ಕೇಳಿಲ್ಲ. ಪುಸ್ತಿಕೆಯ ಕೆಲಸದಲ್ಲಿ ಮೊದಲು ಮಾಡಬೇಕಾದದ್ದು ಅವರ ಪಕ್ಕ ಕುಳಿತು ಕೇಳುವುದು. ‘ಅಪ್ಪನ ಬಗ್ಗೆ ಹೇಳಮ್ಮ’ ಎಂದರೆ ಅವರು ಹೇಳುವುದಿಲ್ಲ. ‘ಮೊದಲ ಬಾಡಿಗೆ ಮನೆಯಲ್ಲಿ ನೀರು ಎಲ್ಲಿಂದ ತರುತ್ತಿದ್ದೆ?’ ಎಂದು ಕೇಳಿ. ‘ಜಮಾಬಂದಿ ದಿನ ಅಪ್ಪ ಎಷ್ಟು ಹೊತ್ತಿಗೆ ಮನೆಗೆ ಬರುತ್ತಿದ್ದರು?’ ಎಂದು ಕೇಳಿ (ಜಮಾಬಂದಿಯೆಂದರೆ ಮೇಲಧಿಕಾರಿಗಳು ವರ್ಷಕ್ಕೊಮ್ಮೆ ಕಂದಾಯದ ಲೆಕ್ಕ ತಪಾಸಣೆ ಮಾಡುವುದು). ಅವರ ಕೈಯಲ್ಲಿ ಪಾತ್ರೆಯೋ, ಅಡಿಕೆಯೋ, ಹೂವೋ ಇದ್ದಾಗ ಕೇಳಿದರೆ ಇನ್ನೂ ಒಳ್ಳೆಯದು. ಪ್ರತಿ ವರ್ಗಾವಣೆಯಲ್ಲೂ ಮನೆ ಕಟ್ಟಿ ಮನೆ ಬಿಚ್ಚಿದವರು ಅವರು. ಅಕಸ್ಮಾತ್ ಬಂದ ರೈತನಿಗೆ ಮಜ್ಜಿಗೆ ಕೊಟ್ಟವರೂ, ಯಾರೋ ತಂದಿಟ್ಟು ಹೋದ ಬಾಳೆಗೊನೆಯನ್ನು ವಾಪಸು ಕಳಿಸಬೇಕೋ ಬೇಡವೋ ಎಂದು ಗಂಡ ಬರುವವರೆಗೆ ಕಾದವರೂ ಅವರೇ ಆಗಿರುತ್ತಾರೆ. ಸರ್ಕಾರ ಅವರಿಗೆ ಈಗ ಕುಟುಂಬ ಪಿಂಚಣಿ ಕೊಡುತ್ತದೆ. ಪುಸ್ತಿಕೆಯಲ್ಲಿ ಅವರಿಗೆ ‘ಧರ್ಮಪತ್ನಿ’ ಎಂಬ ಒಂದು ಸಾಲು ಕೊಟ್ಟು ಮುಗಿಸಬೇಡಿ. ಕಡಿಮೆಯೆಂದರೆ ಆರು ಪುಟ ಅವರದಾಗಿರಲಿ, ಅವರ ಮಾತಿನ ಧಾಟಿಯಲ್ಲೇ ಇರಲಿ.

ನಿಮ್ಮ ತಂದೆಯವರ ಕೈಬರಹದ ಒಂದು ಪುಟವೂ ಬೇಕು. ಮೂವತ್ತು ವರ್ಷ ಕೈಯಲ್ಲಿ ಬರೆದ ಪಹಣಿಗಳು ಅವರ ಸೇವೆಯ ಕೊನೆಯ ವರ್ಷಗಳಲ್ಲೇ ಕಂಪ್ಯೂಟರಿಗೆ ಹೋದವು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು 2002ರ ಹೊತ್ತಿಗೆ ಗಣಕೀಕೃತವಾಗಿ, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು, ರೈತರಿಗೆ ಹದಿನೈದು ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಅಚ್ಚಾಗಿ ಬಂದ ಹಾಳೆಗಳನ್ನು ಮೂಲದೊಂದಿಗೆ ಸಾಲು ಸಾಲಾಗಿ ತಾಳೆ ನೋಡುವ ಕೆಲಸ ಕಂದಾಯ ನೌಕರರ ಮೇಲೆಯೇ ಬಿದ್ದಿತ್ತು. ತಮ್ಮದೇ ಅಕ್ಷರಗಳ ಕೊನೆಯ ತಪಾಸಣೆಯನ್ನು ತಾವೇ ಮಾಡಿದ ತಲೆಮಾರು ಅದು. ಅವರು ಕೆಲಸ ಮಾಡಿದ ವೃತ್ತದಲ್ಲಿ ಪರಿಚಯದವರ ಮನೆಯಲ್ಲಿ ಹಳೆಯ ಕೈಬರಹದ ಪಹಣಿಯ ನಕಲು ಖಂಡಿತ ಇರುತ್ತದೆ. ಅವರ ಅನುಮತಿ ಪಡೆದು, ಹೆಸರುಗಳನ್ನು ಮುಚ್ಚಿ, ಆ ಪುಟದ ಚಿತ್ರವನ್ನು ಅಚ್ಚುಹಾಕಿ. ಕೆಳಗೆ ಒಂದೊಂದು ಕಾಲಮ್ಮಿನ ಅರ್ಥವನ್ನು ಮೊಮ್ಮಕ್ಕಳಿಗಾಗಿ ಬರೆಯಿರಿ.

ಅಜ್ಜನಾಗಿ ಅವರು ಹೇಗಿದ್ದರೆಂಬುದನ್ನು ಮೊಮ್ಮಕ್ಕಳೇ ಬರೆಯಲಿ, ತಪ್ಪು ಕನ್ನಡವಾದರೂ ತಿದ್ದಬೇಡಿ. ನಿಮ್ಮ ಪತ್ರದ ಹಿಂಬದಿಯಲ್ಲಿ, ರಜೆಯಲ್ಲಿ ಬಂದ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ ‘ಒಂದು ಗುಂಟೆ ಎಂದರೆ ಎಷ್ಟು, ಹೆಜ್ಜೆ ಹಾಕಿ ತೋರಿಸಿ’ ಎನ್ನುತ್ತಿದ್ದರೆಂದು ಸುಮ್ಮನೆ ಒಂದು ಸಾಲು ಬರೆದಿದ್ದೀರಿ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ನಿಮ್ಮ ತಂದೆಯವರು ಎದುರು ನಿಂತದ್ದು ಆ ಸಾಲಿನಲ್ಲಿ. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲವಾದರೆ ಒಂದು ಗುಂಟೆ, ಅಂಥ ನಲವತ್ತು ಸೇರಿದರೆ ಒಂದು ಎಕರೆ. ಸರ್ವೆ ಸರಪಳಿಯ ಉದ್ದವೂ ಅದೇ ಮೂವತ್ತಮೂರು ಅಡಿ. ಅಮೆರಿಕದ ಮೊಮ್ಮಗನೂ ಸೇರಿ ಎಲ್ಲರೂ ವರ್ಷಾಂತಿಕದ ದಿನ ಆ ಅಂಗಳದಲ್ಲಿ ಒಂದು ಗುಂಟೆ ಅಳೆದು ನಿಂತ ಫೋಟೋ ಪುಸ್ತಿಕೆಯ ಕೊನೆಗೆ ಬರಲಿ ಎಂದು ನನಗೆ ಆಸೆ. ಅದಕ್ಕಾಗಿ ಪುಸ್ತಿಕೆ ಹದಿನೈದು ದಿನ ತಡವಾದರೂ ಚಿಂತೆಯಿಲ್ಲ.

ಪ್ರಶ್ನೆ: ನಮ್ಮಜ್ಜ ಕ್ಯಾಸಲ್‌ರಾಕ್ ಕಡೆಯ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ ಕೀಮ್ಯಾನ್ ಆಗಿ ನಿವೃತ್ತರಾದವರು. ಓದು ಬರಹ ಇರಲಿಲ್ಲ. ಮನೆಯಲ್ಲಿ ಫೋಟೋ ಒಂದೇ ಇದೆ. ಅವರು ಅಧಿಕಾರಿಯೇನಲ್ಲ, ಅವರ ಬಗ್ಗೆ ಬರೆಯುವುದಕ್ಕೆ ಏನಿದೆ ಎಂದು ಮನೆಯವರೇ ಕೇಳುತ್ತಾರೆ.
(ಓದುಗರೊಬ್ಬರು, ಧಾರವಾಡ)

ಉತ್ತರ: ಬರೆಯುವುದಕ್ಕೆ ಬಹಳ ಇದೆ. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೇಂ ಕಡೆಗೆ ಇಳಿಯುವ ಘಟ್ಟದ ದಾರಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಹಾಕಿದ್ದು. ಮೂವತ್ತೇಳು ಅಡಿ ಸಾಗಿದರೆ ಒಂದು ಅಡಿ ಏರುವಷ್ಟು ಕಡಿದಾದ ದಾರಿಯಾದ್ದರಿಂದ ಗಾಡಿಗೆ ಹಿಂದಿನಿಂದಲೂ ಎಂಜಿನ್ ಕಟ್ಟಿ ತಳ್ಳಬೇಕಾಗುತ್ತದೆ. ಅಂಥ ಕಡೆ, ಮಳೆಗಾಲದಲ್ಲಿ ಗುಡ್ಡದ ಮಣ್ಣು ಹಳಿಯ ಮೇಲೆ ಜಾರುವ ಕಡೆ, ಕೀಮ್ಯಾನ್ ಪ್ರತಿದಿನ ತನ್ನ ಪಾಲಿನ ಹಳಿಯುದ್ದಕ್ಕೂ ಸುತ್ತಿಗೆ, ಸ್ಪ್ಯಾನರ್, ಬಾವುಟ ಹಿಡಿದು ನಡೆದು, ಸಡಿಲವಾದ ಕೀಲಿಗಳನ್ನು ಬಡಿದು ಬಿಗಿಮಾಡುತ್ತಾ ಹೋಗಬೇಕು. ನಿಮ್ಮಜ್ಜ ನಡೆದದ್ದು ವರ್ಷಕ್ಕೆ ಎಷ್ಟು ಕಿಲೋಮೀಟರು ಎಂದು ಅವರ ಜೊತೆ ಗ್ಯಾಂಗಿನಲ್ಲಿದ್ದವರನ್ನು ಕೇಳಿ ನೀವೇ ಲೆಕ್ಕ ಹಾಕಿ. ಆ ಒಂದು ಸಂಖ್ಯೆಯೇ ನಿಮ್ಮ ಲೇಖನದ ಮೊದಲ ವಾಕ್ಯವಾಗಬಹುದು.

ಅವರು ಬರೆದಿಟ್ಟದ್ದು ಇಲ್ಲ ನಿಜ. ಆದರೆ ರೈಲ್ವೆ ಪಿಂಚಣಿಯ ಕಾಗದದಲ್ಲಿ ಅವರ ಹೆಬ್ಬೆಟ್ಟಿನ ಗುರುತಿರುತ್ತದೆ, ಅದನ್ನು ದೊಡ್ಡದು ಮಾಡಿಸಿ ಅಚ್ಚು ಹಾಕಿ. ನಿಮ್ಮಜ್ಜಿ ಅಥವಾ ಸೋದರತ್ತೆಯರು ಇದ್ದರೆ, ರಾತ್ರಿ ಗಸ್ತಿಗೆ ಹೋದ ಗಂಡಸು ಬೆಳಿಗ್ಗೆ ತಿರುಗಿ ಬರುವವರೆಗೆ ಕ್ವಾರ್ಟರ್ಸಿನ ಹೆಂಗಸರು ಏನು ಮಾಡುತ್ತಿದ್ದರು ಎಂದು ಕೇಳಿ. ಅವರು ಹೇಳಿದಂತೆಯೇ, ನಿಮ್ಮ ಕಡೆಯ ಭಾಷೆಯಲ್ಲೇ ಬರೆದುಕೊಳ್ಳಿ, ಗ್ರಂಥಸ್ಥ ಮಾಡಲು ಹೋಗಬೇಡಿ. ಆ ಒಂದು ಫೋಟೋದ ಹಿಂದೆ ಇಂದೇ ಪೆನ್ಸಿಲಿನಲ್ಲಿ ಅವರ ಹೆಸರು, ತೆಗೆದ ಊರು, ಅಂದಾಜು ವರ್ಷ ಬರೆದಿಡಿ.

ಪ್ರಶ್ನೆ: ತಾತ ಜಿಲ್ಲಾ ಖಜಾನೆಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು. ವೈಕುಂಠ ಸಮಾರಾಧನೆಯ ದಿನ ಮೊಮ್ಮಕ್ಕಳ ಪರವಾಗಿ ನಾನು ಐದು ನಿಮಿಷ ಮಾತನಾಡಬೇಕಂತೆ. ನಾನು ಹುಟ್ಟುವ ಮೊದಲೇ ಅವರು ನಿವೃತ್ತರಾಗಿದ್ದರು. ಏನು ಮಾತನಾಡಲಿ?
(ಓದುಗರೊಬ್ಬರು, ಮೈಸೂರು)

ಉತ್ತರ: ನೀವು ಕಂಡದ್ದನ್ನು ಮಾತ್ರ ಮಾತನಾಡಿ. ಅವರ ಸೇವಾವಧಿಯನ್ನು ಹೇಳಲು ಅಲ್ಲಿ ಹಿರಿಯರಿರುತ್ತಾರೆ. ಖಜಾನೆಯಲ್ಲಿ ದುಡಿದವರು ಮನೆಗೆ ಬಂದ ಮೇಲೂ ನೋಟು ಎಣಿಸುವ, ಚೀಟಿಗೆ ದಿನಾಂಕ ಹಾಕುವ, ಹಾಲಿನವರ ಲೆಕ್ಕ ತಿಂಗಳ ಕೊನೆಗೆ ಪೈಸೆಯವರೆಗೆ ಕೂಡುವ ಕ್ರಮವನ್ನು ಬಿಡುವುದಿಲ್ಲ. ನಿಮ್ಮ ತಾತನ ಅಂಥ ಒಂದು ಅಭ್ಯಾಸ ನಿಮಗೆ ನೆನಪಿರುತ್ತದೆ. ಹಬ್ಬಕ್ಕೆ ನಿಮಗೆ ಕೊಟ್ಟ ಹತ್ತು ರೂಪಾಯಿಯನ್ನು ಅವರು ಹೇಗೆ ಕೊಡುತ್ತಿದ್ದರು, ಅದನ್ನು ಏನು ಮಾಡಿದೆಯೆಂದು ಆಮೇಲೆ ಕೇಳುತ್ತಿದ್ದರೇ, ಅಷ್ಟನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಹೇಳಿದರೆ ಐದು ನಿಮಿಷ ತುಂಬುತ್ತದೆ. ಕಾಗದದಲ್ಲಿ ಬರೆದುಕೊಂಡು ಹೋಗಿ, ಏಕೆಂದರೆ ಗಂಟಲು ಕಟ್ಟಿದಾಗ ಮುಂದಿನ ವಾಕ್ಯ ಕಣ್ಣೆದುರು ಇರಬೇಕು. ಕಟ್ಟಿದರೆ ಸ್ವಲ್ಪ ನಿಂತು, ನೀರು ಕುಡಿದು, ಅಜ್ಜಿ ಕುಳಿತಿರುವ ಕಡೆ ನೋಡಿ ಮುಂದುವರಿಸಿ.